ಇಲಿಗೆ ಬಾರದ ಕಾಲರಾ, ಇಲಿಯ ಮೇಲೆ ಲಸಿಕೆಯ ಪರೀಕ್ಷೆ

ಪ್ರಶ್ನೆ: ಕಾಲರಾ ಮನುಷ್ಯರನ್ನು ಕಾಡುವ ರೋಗ. ಹಾಗಿರುವಾಗ ಬಾಯಿಯ ಮೂಲಕ ಕೊಡುವ ಕಾಲರಾ ಲಸಿಕೆಯನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದರಲ್ಲಿ ಏನರ್ಥವಿದೆ?

ಉತ್ತರ: ಸಂದೇಹ ಸರಿಯಾಗಿಯೇ ಇದೆ. ಬಲಿತ ಇಲಿಗೆ ಕಾಲರಾ ಬ್ಯಾಕ್ಟೀರಿಯಾವನ್ನು ಕುಡಿಸಿದರೂ ಸಾಮಾನ್ಯವಾಗಿ ಭೇದಿಯಾಗುವುದಿಲ್ಲ. ಈ ತೊಡಕನ್ನು ದಾಟಲು ಕೋಲ್ಕತ್ತದ ವಿಜ್ಞಾನಿ ಶಂಭುನಾಥ ದೇ ಅವರು 1953ರಲ್ಲಿ, ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಬದಿಯಲ್ಲಿ ದಾರದಿಂದ ಕಟ್ಟಿ, ಅದರೊಳಗೆ ಬ್ಯಾಕ್ಟೀರಿಯಾವನ್ನು ಚುಚ್ಚಿ, ಆ ತುಂಡು ನೀರು ತುಂಬಿ ಉಬ್ಬುವುದನ್ನು ತೋರಿಸಿದರು. ಲಸಿಕೆ ಪಡೆದ ಮೊಲದಲ್ಲಿ ಈ ಉಬ್ಬು ಎಷ್ಟು ಕಡಿಮೆ ಎಂಬುದನ್ನು ಅಳೆಯಬಹುದು. ಆದರೆ ಕಟ್ಟಿದ ಕರುಳಿನಲ್ಲಿ ಸಹಜ ಚಲನೆ ಇರುವುದಿಲ್ಲ. ಅದಕ್ಕಾಗಿ ಮುಂದೆ, ಸಣ್ಣ ಕರುಳಿಗೆ ಸಡಿಲಿಸಬಹುದಾದ ಗಂಟನ್ನು ಹಾಕಿ, ಬ್ಯಾಕ್ಟೀರಿಯಾ ನೆಲೆಯೂರಿದ ಬಳಿಕ ಅದನ್ನು ಬಿಚ್ಚುವ ವಿಧಾನ ಬಂದಿತು.

ಕೆಲವೇ ದಿನಗಳ ಇಲಿಮರಿಯ ಕರುಳಿನಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುತ್ತದೆ. ಆದರೆ ಮರಿಯ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಲಸಿಕೆಯನ್ನು ತಾಯಿಗೆ ಕೊಟ್ಟು, ಸೋಂಕನ್ನು ಮರಿಗೆ ಉಂಟುಮಾಡುತ್ತಾರೆ. ಜಾಣ ಉಪಾಯವೇ ಸರಿ. ಆದರೂ ಇಲ್ಲಿ ಕಾಣುವುದು ತಾಯಿಯಿಂದ ಬಂದ ಪ್ರತಿಕಾಯಗಳ ರಕ್ಷಣೆಯೇ ಹೊರತು, ಲಸಿಕೆ ಪಡೆದ ದೇಹದ ದೀರ್ಘಕಾಲದ ರೋಗನಿರೋಧಕ ನೆನಪಲ್ಲ. ಆದ್ದರಿಂದ ಪ್ರಾಣಿಪ್ರಯೋಗವನ್ನು ನಾನು ಭರವಸೆಯಿಲ್ಲದ ಲಸಿಕೆಗಳನ್ನು ಸೋಸಿ ತೆಗೆಯುವ ಜರಡಿಯೆಂದಷ್ಟೇ ಪರಿಗಣಿಸುತ್ತೇನೆ; ಕೊನೆಯ ಪರೀಕ್ಷೆ ಮನುಷ್ಯರಲ್ಲೇ ಆಗಬೇಕು. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ದುರ್ಬಲಗೊಳಿಸಿದ ಜೀವಂತ ಬ್ಯಾಕ್ಟೀರಿಯಾ ಇರುವ ಸಜೀವ ಕಾಲರಾ ಲಸಿಕೆಯ ಪರಿಣಾಮವನ್ನು, ಒಪ್ಪಿಗೆ ನೀಡಿದ ಸ್ವಯಂಸೇವಕರಿಗೆ ವೈದ್ಯರ ನಿಗಾದಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಕುಡಿಸಿಯೇ ಪರೀಕ್ಷಿಸಲಾಗಿತ್ತು.