‘ನಾರಾಯಣಮೂರ್ತಿಗಿಂತ ನಿನಗೆ ಜಾಸ್ತಿ ಗೊತ್ತಾ?’ ಅಂತಾರೆ ಅಪ್ಪ

ಪ್ರಶ್ನೆ: ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು, 68 ವರ್ಷ. ನಾರಾಯಣಮೂರ್ತಿಯವರು ಎಐ ಟ್ರೇಡಿಂಗ್ ಆ್ಯಪ್ ಬಗ್ಗೆ ಹೇಳುವ ವಿಡಿಯೊ ನೋಡಿ 21 ಸಾವಿರ ಹಾಕಿದರು. ಆ್ಯಪ್‌ನಲ್ಲಿ ಈಗ 64 ಸಾವಿರ ತೋರಿಸುತ್ತಿದೆ, 2 ಸಾವಿರ ವಾಪಸ್ಸೂ ಬಂದಿದೆ. ಮುಂದಿನ ವಾರ 8 ಲಕ್ಷದ ಎಫ್‌ಡಿ ಮುರಿಸುತ್ತಾರಂತೆ. ಬೇಡ ಎಂದದ್ದಕ್ಕೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಏನು ಮಾಡಲಿ?
– ಮಗಳು, ದಾವಣಗೆರೆ

ಉತ್ತರ: ಆ ವಿಡಿಯೊ ನಕಲಿ. ಇಂಥ ಟ್ರೇಡಿಂಗ್ ಆ್ಯಪ್‌ಗಳಿಗೂ ತಮಗೂ ಸಂಬಂಧವಿಲ್ಲ ಎಂದು ಮೂರ್ತಿಯವರೇ 2023ರ ಡಿಸೆಂಬರ್‌ನಲ್ಲಿ ಎಕ್ಸ್‌ನಲ್ಲಿ ಬರೆದು ಎಚ್ಚರಿಸಿದ್ದರು. ಅದನ್ನು ಅಪ್ಪನಿಗೆ ತೋರಿಸಿ. ಆದರೆ ವಿಡಿಯೊ ಹಿಡಿದುಕೊಂಡೇ ವಾದಕ್ಕೆ ಕೂರಬೇಡಿ. ಹಳೆಯ ಅಸಲಿ ಸಂದರ್ಶನವೊಂದನ್ನು ತೆಗೆದುಕೊಂಡು ದನಿ ಮತ್ತು ತುಟಿಯನ್ನಷ್ಟೇ ಬದಲಿಸಿರುತ್ತಾರೆ. ಕೋಟು, ಕುರ್ಚಿ, ಕೈಯಾಡಿಸುವ ರೀತಿ ಎಲ್ಲ ಅವರದೇ. ನಿಮ್ಮಪ್ಪ ನಂಬಿದ್ದರಲ್ಲಿ ದಡ್ಡತನವೇನೂ ಇಲ್ಲ. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಮೂಲ ಸಂದರ್ಶನ ಸಿಕ್ಕರೆ ಎರಡನ್ನೂ ಒಟ್ಟಿಗೆ ತೋರಿಸಿ. ವಿಡಿಯೊ ಅಸಲಿಯೋ ನಕಲಿಯೋ ಎಂದು ಎಐ ಚಾಟ್‌ಬಾಟ್ ಅನ್ನು ಕೇಳಲು ಹೋಗಬೇಡಿ, ತಪ್ಪನ್ನೂ ಅದು ಅಷ್ಟೇ ಧೈರ್ಯವಾಗಿ ಹೇಳುತ್ತದೆ.

ಗಟ್ಟಿ ಪುರಾವೆ ಇರುವುದು ಪಾಸ್‌ಬುಕ್‌ನಲ್ಲಿ. ಎಂಟ್ರಿ ಹಾಕಿಸಿಕೊಂಡು ಬಂದು ಅಪ್ಪನ ಪಕ್ಕ ಕೂತು ನೋಡಿ: 21 ಸಾವಿರ ಯಾರ ಹೆಸರಿಗೆ ಹೋಗಿದೆ? ಸಾಮಾನ್ಯವಾಗಿ ಯಾವುದೋ ‘ಎಂಟರ್‌ಪ್ರೈಸಸ್’ ಅಥವಾ ಗುರುತಿಲ್ಲದ ವ್ಯಕ್ತಿಯ ಖಾತೆ ಇರುತ್ತದೆ, ವಾಪಸ್ ಬಂದ ಹಣ ಇನ್ನ್ಯಾರದೋ ಖಾತೆಯಿಂದ ಬಂದಿರುತ್ತದೆ. ಕಮಿಷನ್ ಆಸೆಗೆ ಜನ ಬಾಡಿಗೆಗೆ ಕೊಟ್ಟ ಖಾತೆಗಳಿವು. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿದ ಬ್ರೋಕರ್‌ಗೆ ‘ಐಎನ್‌ಝಡ್’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ವಂಚಕರು ಆ ಸಂಖ್ಯೆಯನ್ನೂ ಕದ್ದು ಹಾಕಿಕೊಳ್ಳುವುದುಂಟು. ಹಾಗಾಗಿ ಸೆಬಿ ವೆಬ್‌ಸೈಟಿನಲ್ಲಿ ಆ ಬ್ರೋಕರ್‌ದೆಂದು ಕೊಟ್ಟಿರುವ ಫೋನ್ ನಂಬರಿಗೇ ಕರೆ ಮಾಡಿ, ಈ ಆ್ಯಪ್ ಅವರದೇನಾ ಎಂದು ಕೇಳಿ.

ಆ 64 ಸಾವಿರ ವಂಚಕರು ಪರದೆಯ ಮೇಲೆ ಬರೆದ ಅಂಕಿ, ಅದರ ಹಿಂದೆ ಒಂದು ಷೇರೂ ಇಲ್ಲ. 2 ಸಾವಿರ ಕೊಟ್ಟಿದ್ದು 8 ಲಕ್ಷಕ್ಕೆ ಹಾಕಿದ ಗಾಳ. ಈಗ ಪೂರ್ತಿ ಹಣ ತೆಗೆಯಲು ಅಪ್ಪನೇ ಪ್ರಯತ್ನಿಸಲಿ. ‘ಮೊದಲು ಟ್ಯಾಕ್ಸ್ ಕಟ್ಟಿ’ ಎಂದೋ ‘ಖಾತೆ ಅಪ್‌ಗ್ರೇಡ್ ಮಾಡಿಸಿ’ ಎಂದೋ ಮೆಸೇಜ್ ಬರುವುದು ಹೆಚ್ಚುಕಮ್ಮಿ ಖಚಿತ. ಲಾಭದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುತ್ತೇವೆಯೇ ಹೊರತು ಆ್ಯಪ್‌ಗಲ್ಲ; ವರ್ಷವರ್ಷ ರಿಟರ್ನ್ಸ್ ಹಾಕಿದ ಮೇಷ್ಟ್ರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನೀವು ಗೆದ್ದಂತೆ ಆಗದೆ, ಅವರೇ ಕಂಡುಹಿಡಿದಂತೆ ಆಗಲಿ. ಒಂದು ರೂಪಾಯಿಯೂ ಮತ್ತೆ ಹೋಗಬಾರದು, ಅಷ್ಟೇ.

ಇದೆಲ್ಲ ಆಗುವವರೆಗೆ ‘ಎಂಟು ದಿನ ತಡೀರಿ ಅಪ್ಪ’ ಎಂದಷ್ಟೇ ಕೇಳಿ. ಒಪ್ಪಿದರೆ ಮೊಬೈಲ್ ಬ್ಯಾಂಕಿಂಗ್‌ನ ದಿನದ ವರ್ಗಾವಣೆ ಮಿತಿ ಇಳಿಸಿ. ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿದ್ದರೆ ಈಗಲೇ ತೆಗೆಯಿರಿ. ಅದರ ಮೂಲಕ ವಂಚಕರು ಅಪ್ಪನ ಮೊಬೈಲ್ ಪರದೆಯನ್ನೇ ನೋಡಬಲ್ಲರು.

ಮೊತ್ತ ಸಣ್ಣದೆಂದು ಬಿಡದೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಕಳಿಸಿದ ದಿನಾಂಕ, ಮೊತ್ತ, ಯುಟಿಆರ್ ಸಂಖ್ಯೆ (ಪ್ರತಿ ವರ್ಗಾವಣೆಗೂ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ), ಚಾಟ್‌ನ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ದೂರು ತಲುಪಿದರೆ ತಡೆಹಿಡಿಯಬಹುದು. ಅಪ್ಪನೇ ಕಳಿಸಿದ್ದರಿಂದ ಬ್ಯಾಂಕ್ ತುಂಬಿಕೊಡುತ್ತದೆಂದು ನೆಚ್ಚಿಕೊಳ್ಳಬೇಡಿ. ಆಮೇಲೆ ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀಸ್ ಕಟ್ಟಿ’ ಎಂಬ ಕರೆ ಬಂದರೆ, ಅದೂ ಇವರದೇ ಗುಂಪು ಎಂದುಕೊಂಡು ಫೋನ್ ಇಟ್ಟುಬಿಡಿ.