ಓದುಗರ ಪ್ರಶ್ನೆ: ಲಶೀನ್ ಕಾಲುವೆಯ ದಂಡೆಯಲ್ಲಿ ಸೈಕಲ್ ಸವಾರಿ

ಪ್ರಶ್ನೆ: ನನಗೀಗ ಅರವತ್ತೆರಡು ವರ್ಷ. ಬರುವ ಜೂನ್ ತಿಂಗಳಲ್ಲಿ ನಾನೂ ನನ್ನ ಶ್ರೀಮತಿಯವರೂ ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮಗಳ ಮನೆಗೆ ಹೋಗುವವರಿದ್ದೇವೆ. ನೌಕರಿಯಲ್ಲಿದ್ದಷ್ಟು ಕಾಲ ಸೈಕಲ್ ತುಳಿದಿದ್ದೇನೆ. ನಿವೃತ್ತಿಯ ನಂತರ ಮುಟ್ಟಿಲ್ಲ. ಅಲ್ಲಿ ಲಶೀನ್ ಕಾಲುವೆಯ ಪಕ್ಕದ ಸೈಕಲ್ ಹಾದಿ ಬಹಳ ಸುಲಭವೆಂದು ಮಗಳು ಹೇಳುತ್ತಾಳೆ. ನನ್ನಂಥವರು ಈ ಮಾತನ್ನು ನಂಬಿ ಹೊರಡಬಹುದೇ? ಪೂರ್ತಿ ಹೋಗಿಬರಲು ಎಷ್ಟು ಹೊತ್ತು ಬೇಕು?

ಉತ್ತರ: ನಿಮ್ಮ ಮಗಳು ಹೇಳಿರುವುದು ಸರಿ. ಊರಿನ ಹಳೆಯ ಬಂದರಿನಿಂದ ಸೇಂಟ್ ಲೂಯಿ ಸರೋವರದವರೆಗೆ ಕಾಲುವೆ ಸುಮಾರು 14.5 ಕಿಲೋಮೀಟರ್ ಉದ್ದವಿದೆ. ಅದರ ದಂಡೆಗುಂಟ ಡಾಂಬರು ಹಾಕಿದ ಹಾದಿ ಸಾಗುತ್ತದೆ. ಎರಡು ತುದಿಗಳ ನೀರಿನ ಮಟ್ಟಗಳಿಗಿರುವ ವ್ಯತ್ಯಾಸ ಸುಮಾರು 14 ಮೀಟರ್ ಮಾತ್ರ. ಅಂದರೆ ಸರೋವರದ ಕಡೆಗೆ ಹೋಗುವಾಗ ಕಿಲೋಮೀಟರಿಗೆ ಸರಾಸರಿ ಒಂದು ಮೀಟರ್ ಏರು. ಅದೂ ಉದ್ದಕ್ಕೂ ಹರಡಿಕೊಂಡಿಲ್ಲ. ಕಾಲುವೆಯ ನೀರು ಮೆಟ್ಟಿಲುಗಳಂತೆ ಹಂತಹಂತವಾಗಿ ನಿಂತಿದ್ದು, ದೋಣಿಗಳನ್ನು ಒಂದು ಹಂತದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಎರಡೂ ಕಡೆ ಕದಗಳಿರುವ ಐದು ಕಟ್ಟೆಗಳು ನಡುವೆ ಇವೆ. ಅವುಗಳನ್ನು ಲಾಕ್ ಎನ್ನುತ್ತಾರೆ. ಲಾಕ್‌ಗಳ ಬಳಿ ತುಸು ಏರು ಸಿಗುತ್ತದೆ, ಉಳಿದೆಡೆ ಹಾದಿ ಸಮತಟ್ಟು.

ಏರಿಗಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ಗಾಳಿಯನ್ನು. ಆ ಊರಿನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಬಂದರಿನಿಂದ ಸರೋವರಕ್ಕೆ ಹೋಗುವ ದಿಕ್ಕೂ ಅದೇ. ಹೀಗಾಗಿ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ ಸಿಗುವ ಸಂಭವವೇ ಜಾಸ್ತಿ. ದಣಿವಿಲ್ಲದಿರುವಾಗ ಕಷ್ಟದ ಅರ್ಧ ಮುಗಿಯುವುದರಿಂದ ಇದು ನಿಮಗೆ ಅನುಕೂಲವೇ. ಸರೋವರದ ತುದಿಯಿಂದ ಸವಾರಿ ಆರಂಭಿಸಿದವರಿಗೆ ಮೊದಲರ್ಧ ಹಗುರವಾಗಿ ಕಂಡು, ಹಿಂತಿರುಗುವಾಗ ಕಾಲು ಸೋಲುತ್ತದೆ. ಹೊರಡುವ ದಿನದ ಗಾಳಿಯ ಮುನ್ಸೂಚನೆಯನ್ನು ನೋಡಿಕೊಳ್ಳುವುದು ಒಳ್ಳೆಯದು.

ನಿಮ್ಮ ವಿಷಯದಲ್ಲಿ ನಿಜವಾದ ತೊಡಕೆಂದರೆ ಕೈಗೂ ಕಣ್ಣಿಗೂ ಕೂತಿರುವ ಅಭ್ಯಾಸ. ಕೆನಡಾದಲ್ಲಿ ವಾಹನಗಳು ಬಲಗಡೆ ಚಲಿಸುತ್ತವೆ. ಸೈಕಲ್ ಹಾದಿಯಲ್ಲಿಯೂ ಬಲಕ್ಕೆ ಅಂಟಿಕೊಂಡು ಹೋಗಿ, ಮುಂದಿರುವವರನ್ನು ಎಡದಿಂದ ದಾಟಬೇಕು. ನೇರ ಹಾದಿಯಲ್ಲಿ ಇದು ಬೇಗ ರೂಢಿಯಾಗುತ್ತದೆ. ಆದರೆ ತಿರುವಿನಲ್ಲಿ ಯಾರಾದರೂ ಥಟ್ಟನೆ ಎದುರಾದಾಗ ನಮ್ಮ ಕೈ ತಾನಾಗಿಯೇ ಹ್ಯಾಂಡಲನ್ನು ಎಡಕ್ಕೆ ಎಳೆಯುತ್ತದೆ, ಎದುರಿನವರು ಬರುವುದೂ ಅದೇ ಕಡೆಯಿಂದ. ಬ್ರೇಕುಗಳದೂ ಇದೇ ಕಥೆ. ನಮ್ಮ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈಯ ಬ್ರೇಕು ಮುಂದಿನ ಚಕ್ರದ್ದು, ಅಲ್ಲಿ ಸಾಮಾನ್ಯವಾಗಿ ಎಡಗೈಯದು. ಗಾಬರಿಯಲ್ಲಿ ಮುಂದಿನ ಬ್ರೇಕನ್ನಷ್ಟೇ ಗಟ್ಟಿಯಾಗಿ ಹಿಡಿದರೆ ಮುಗ್ಗರಿಸಿ ಬೀಳುವ ಅಪಾಯವಿದೆ. ಆದ್ದರಿಂದ ಕಾಲುವೆಗೆ ಹೋಗುವ ಮೊದಲು, ಜನವಿಲ್ಲದ ಬಯಲೊಂದರಲ್ಲಿ ನಿಧಾನವಾಗಿ ಸುತ್ತು ಹಾಕಿ, ಎರಡೂ ಬ್ರೇಕುಗಳನ್ನು ಒಟ್ಟಿಗೆ ಹದವಾಗಿ ಒತ್ತಿ ನಿಲ್ಲಿಸುವುದನ್ನು ಅಭ್ಯಾಸ ಮಾಡಿ. ಕೂತಾಗ ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಕುವಷ್ಟು ಎತ್ತರಕ್ಕೆ ಸೀಟನ್ನು ಇಟ್ಟುಕೊಳ್ಳಿ. ಮೊಣಕಾಲು ಅಥವಾ ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಹೊರಡಿ.

ಹಾದಿಯಲ್ಲಿ ವೇಗದ ಮಿತಿ ಗಂಟೆಗೆ 20 ಕಿಲೋಮೀಟರ್. ಕೆಲಸಕ್ಕೆ ಹೋಗುವ ಸವಾರರಲ್ಲಿ ಎಲ್ಲರೂ ಅದನ್ನು ಪಾಲಿಸುತ್ತಾರೆಂದು ಭಾವಿಸಬೇಡಿ. ಬೆಳಗಿನ ಹಾಗೂ ಸಂಜೆಯ ಕಚೇರಿ ಹೊತ್ತನ್ನೂ, ನಡೆಯುವವರು, ಓಡುವವರು, ಮಕ್ಕಳು ಎಲ್ಲರೂ ತುಂಬಿರುವ ವಾರಾಂತ್ಯದ ಮಧ್ಯಾಹ್ನಗಳನ್ನೂ ಬಿಟ್ಟು, ವಾರದ ನಡುವೆ ಒಂಬತ್ತೂವರೆಯ ನಂತರ ಹೊರಡುವುದು ಕ್ಷೇಮ. ಚಿತ್ರ ತೆಗೆಯಲು ನಿಲ್ಲುವುದಾದರೆ ಹಾದಿಯಿಂದ ಹುಲ್ಲಿನ ಮೇಲೆ ಸರಿದು ನಿಲ್ಲಿ. ಕ್ವಿಬೆಕ್ ಪ್ರಾಂತ್ಯದಲ್ಲಿ ಫಲಕಗಳು ಹೆಚ್ಚಾಗಿ ಫ್ರೆಂಚ್‌ನಲ್ಲಿರುತ್ತವೆ. ಕೆಂಪು ಬಣ್ಣದ ಎಂಟು ಮೂಲೆಯ ಫಲಕ ಕಂಡಲ್ಲಿ, ಅಕ್ಷರ ಓದಲು ಬಾರದಿದ್ದರೂ, ನಿಲ್ಲಲೇಬೇಕು.

ಸೈಕಲ್ಲಿಗಾಗಿ ಪರದಾಡಬೇಕಿಲ್ಲ. 2009ರಲ್ಲಿ ಇದೇ ನಗರದಲ್ಲಿ ಆರಂಭವಾದ ಬಿಕ್ಸಿ ಎಂಬ ಬಾಡಿಗೆ ವ್ಯವಸ್ಥೆಯಲ್ಲಿ ಒಂದು ನಿಲ್ದಾಣದಿಂದ ಸೈಕಲ್ ಪಡೆದು ಇನ್ನೊಂದರಲ್ಲಿ ಬಿಡಬಹುದು. ಬಾಡಿಗೆ ಹೊತ್ತಿನ ಲೆಕ್ಕದಲ್ಲಿ ಏರುವುದರಿಂದ, ಅರ್ಧ ದಿನದ ಸವಾರಿಗೆ ಅಂಗಡಿಯಿಂದ ಬಾಡಿಗೆಗೆ ಪಡೆಯುವುದು ಅಥವಾ ಮಗಳ ಸೈಕಲ್ಲನ್ನೇ ಒಯ್ಯುವುದು ಮೇಲೆಂದು ನನಗೆ ತೋರುತ್ತದೆ. ಬಿಕ್ಸಿಯಲ್ಲಿ ವಿದ್ಯುತ್ ಸೈಕಲ್‌ಗಳೂ ಇವೆ. ಅವುಗಳಿಗೆ ಅಲ್ಲಿನ ಕಾನೂನಿನಂತೆ ಹೆಲ್ಮೆಟ್ ಕಡ್ಡಾಯ. ಕಾಲಿನಿಂದಷ್ಟೇ ತುಳಿಯುವ ಸೈಕಲ್ಲಿಗೆ ಕಡ್ಡಾಯವಿಲ್ಲದಿದ್ದರೂ ನೀವು ಧರಿಸಿಯೇ ಹೋಗಿ.

ನಿಧಾನವಾಗಿ ತುಳಿದರೆ ಒಂದು ಕಡೆಗೆ ಒಂದೂಕಾಲು ಗಂಟೆ, ವಿಶ್ರಾಂತಿಯೂ ಸೇರಿ ಹೋಗಿಬರಲು ಮೂರೂವರೆ ಗಂಟೆ ಹಿಡಿಯಬಹುದು. ಆದರೆ ಮೊದಲ ದಿನವೇ ಅಷ್ಟು ದೂರದ ಹಟ ಬೇಡ. ಲಿಯೊನೆಲ್ ಗ್ರೂ ಮೆಟ್ರೋ ನಿಲ್ದಾಣಕ್ಕೆ ಸಮೀಪವಿರುವ ಆಟ್‌ವಾಟರ್ ಮಾರುಕಟ್ಟೆಯ ಬಳಿ ಆರಂಭಿಸಿ, ಪಶ್ಚಿಮಕ್ಕೆ ಕೋಟ್ ಸೇಂಟ್ ಪಾಲ್ ಲಾಕ್‌ವರೆಗಿನ ಕೆಲವೇ ಕಿಲೋಮೀಟರ್ ಹೋಗಿ ಹಿಂತಿರುಗಿ. ನಿಮ್ಮ ಶ್ರೀಮತಿಯವರು ಸೈಕಲ್ ತುಳಿಯುವುದಿಲ್ಲವಾದರೆ ಅಷ್ಟು ಹೊತ್ತು ಅವರು ಮಾರುಕಟ್ಟೆಯಲ್ಲಿ ಅಡ್ಡಾಡಬಹುದು. ಮಾರನೆಯ ದಿನ ತೊಡೆಯ ನೋವು ಎಷ್ಟಿದೆಯೆಂದು ನೋಡಿಕೊಂಡು ಮುಂದಿನ ಸವಾರಿಯನ್ನು ನಿರ್ಧರಿಸಿ.

ಪ್ರಶ್ನೆ: ಅಷ್ಟು ದೊಡ್ಡ ನಗರದ ನಡುವೆ ಸೈಕಲ್ಲಿಗಾಗಿ ಇಷ್ಟು ಉದ್ದದ ಜಾಗ ಬಿಡಲು ಹೇಗೆ ಸಾಧ್ಯವಾಯಿತು?

ಉತ್ತರ: ಸೈಕಲ್ಲಿಗೆಂದು ಯಾರೂ ಮೊದಲು ಜಾಗ ಬಿಟ್ಟಿರಲಿಲ್ಲ. ಸೇಂಟ್ ಲಾರೆನ್ಸ್ ನದಿಯಲ್ಲಿ ಲಶೀನ್ ಎಂಬ ಹೆಸರಿನ ರಭಸದ ಹರಿವಿನಲ್ಲಿ ಹಡಗುಗಳು ಸಾಗಲಾರದೆ ಸರಕನ್ನು ಇಳಿಸಿ ನೆಲದ ಮೇಲೆ ಸಾಗಿಸಬೇಕಾಗುತ್ತಿದ್ದುದರಿಂದ, ಆ ಭಾಗವನ್ನು ಬಳಸಿ ಹೋಗಲು 1825ರಲ್ಲಿ ಈ ಕಾಲುವೆ ತೆರೆಯಿತು. ಲಾಕ್‌ಗಳ ಬಳಿ ಧುಮುಕುವ ನೀರಿನ ಶಕ್ತಿಯನ್ನು ಬಳಸಿಕೊಂಡು ದಂಡೆಯುದ್ದಕ್ಕೂ ಹಿಟ್ಟಿನ ಗಿರಣಿ, ಸಕ್ಕರೆ ಕಾರ್ಖಾನೆ, ಕಬ್ಬಿಣದ ಕೆಲಸದ ಶೆಡ್ಡುಗಳು ಬೆಳೆದವು. 1959ರಲ್ಲಿ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆದ ಮೇಲೆ ದೊಡ್ಡ ಹಡಗುಗಳು ಅತ್ತ ತಿರುಗಿದವು. 1970ರಲ್ಲಿ ಕಾಲುವೆಯನ್ನು ಸಂಚಾರಕ್ಕೆ ಮುಚ್ಚಲಾಯಿತು. ಹಡಗು ಬಾರದ ಕಾಲುವೆಯ ದಂಡೆ ಸಾರ್ವಜನಿಕ ಜಾಗವಾಗಿಯೇ ಉಳಿದಿದ್ದುದರಿಂದ, ಮನೆ ಕೆಡವದೆ, ರಸ್ತೆ ಕತ್ತರಿಸದೆ ಹಾದಿ ಮಾಡಲು ಸಾಧ್ಯವಾಯಿತು. ಲಾಕ್‌ಗಳನ್ನು ದುರಸ್ತಿ ಮಾಡಿ 2002ರಲ್ಲಿ ವಿಹಾರದ ದೋಣಿಗಳಿಗೆ ಕಾಲುವೆಯನ್ನು ಮತ್ತೆ ತೆರೆದರು. ಹಳೆಯ ಕಾರ್ಖಾನೆಗಳಲ್ಲಿ ಹಲವು ಈಗ ವಸತಿ ಸಮುಚ್ಚಯಗಳಾಗಿವೆ, ಅವುಗಳ ಬೆಲೆಯೂ ಅದಕ್ಕೆ ತಕ್ಕಂತೆ ಏರಿದೆ. ಕಾರ್ಖಾನೆಗಳು ಬಿಟ್ಟುಹೋದ ಮಾಲಿನ್ಯ ಮಾತ್ರ ಕಾಲುವೆಯ ತಳದ ಕೆಸರಿನಲ್ಲಿ ಇಂದಿಗೂ ಇದೆ. ದಂಡೆಯ ಮೇಲೆ ಸೈಕಲ್ ತುಳಿಯುವವರಿಗೆ ಅದರಿಂದ ತೊಂದರೆಯಿಲ್ಲ. ನೀರಿಗಿಳಿದು ಈಜುವುದನ್ನು ನಿಷೇಧಿಸಲಾಗಿದೆ.