ಜಿಪ್ ಲೋಡ್ ಆಗ್ತಿಲ್ಲ ಅಂತ ರಿಜಿಸ್ಟರ್ ಮತ್ತೆ ಬಿಚ್ಚಬೇಡಿ ಮೇಷ್ಟ್ರೇ

ಮದ್ದೂರಿನ ಮೇಷ್ಟ್ರೇ, ದಯವಿಟ್ಟು ನಿಲ್ಲಿಸಿ. ಶಾಲೆಯ ಹಳೇ ದಾಖಲಾತಿ ರಿಜಿಸ್ಟರ್, ಸ್ಕ್ಯಾನ್ ಮಾಡಿದ 3,200 ಪುಟ ಒಂದೇ ಫೈಲಾಗಿ ಕಟ್ಟಿದ 3.6 ಜಿಬಿಯ ಜಿಪ್, ಲೈಬ್ರರಿ ಕಂಪ್ಯೂಟರ್‌ಗೆ ಹಾಕಿದರೆ ‘ಇಂಡೆಕ್ಸ್ ಸಿಗುತ್ತಿಲ್ಲ’ ಅಂತ ಮೂರು ಸಲ ನಿಂತಿದೆ, ಸೈಜ್ ಎರಡೂ ಕಡೆ ಒಂದೇ ಇದೆ, ಅಂದಮೇಲೆ ಕಾಪಿ ಸರಿಯಾಗಿದೆ, ಸ್ಕ್ಯಾನೇ ಕೆಟ್ಟಿರಬೇಕು, ಭಾನುವಾರ ಕೂತು ಮತ್ತೆ ಸ್ಕ್ಯಾನ್ ಮಾಡ್ತೀನಿ ಅಂತ ಬರೆದಿದ್ದೀರಿ. ನಾನೂ ಒಂದು ಕಾಲದಲ್ಲಿ ಥೇಟ್ ಇದನ್ನೇ ಹೇಳಿದ್ದೆ. ಅದಕ್ಕೇ ರಾತ್ರಿ ಹನ್ನೊಂದಕ್ಕೆ ಕೂತು ಇಷ್ಟುದ್ದ ಬರೀತಿದ್ದೇನೆ.

ಪಾಂಡವಪುರದ ಹತ್ತಿರ ನಮ್ಮಜ್ಜನ ಆಲೆಮನೆ ಇತ್ತು. ಯಾವ ದಿನ ಎಷ್ಟು ಗಾಡಿ ಕಬ್ಬು ಬಂತು, ಎಷ್ಟು ಅಚ್ಚು ಬೆಲ್ಲ ಆಯ್ತು, ಯಾರಿಗೆ ಎಷ್ಟು ಮುಂಗಡ ಕೊಟ್ಟರು ಅನ್ನೋ ಲೆಕ್ಕದ ಪುಸ್ತಕ ಮೈಸೂರಿಗೆ ತಂದು ಒಂದು ವಾರ ಸ್ಕ್ಯಾನ್ ಮಾಡಿದೆ. ಜಿಪ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿದೆ. ಹಸಿರು ಪಟ್ಟಿ ನೂರು ಮುಟ್ಟಿದ ತಕ್ಷಣ ಎಳೆದುಕೊಂಡೆ, ಲ್ಯಾಪ್‌ಟಾಪಿನಲ್ಲಿ ಜಾಗ ಇಲ್ಲ ಅಂತ ಮೂಲವನ್ನೂ ಅಳಿಸಿದೆ. ಹೌದು, ಬೈಯಿರಿ. ಲೋಡ್ ಆಗಲಿಲ್ಲ. ಸೈಜ್ ನೋಡಿದೆ, ಸರಿ ಇತ್ತು. ಮತ್ತೆ ಪುಸ್ತಕ ತೆಗೆದು ಸ್ಕ್ಯಾನರ್ ಮೇಲೆ ಅಮುಕಿದೆ. ನಡುವಿನ ಪುಟಗಳಿಗೆ ಬೆಲ್ಲದ ಪಾಕ ಬಿದ್ದು ಅಂಟಿಕೊಂಡಿದ್ದವು. ಮೊದಲ ಸಲ ಹೇಗೋ ತಡೆದುಕೊಂಡಿದ್ದ ಹೊಲಿಗೆ ಎರಡನೇ ಸಲ ಪಟ್ ಅಂತು. ಬೆನ್ನು ಕಿತ್ತುಬಂತು, ಮೂವತ್ತು ನಲವತ್ತು ಹಾಳೆ ಉದುರಿದವು, ಎರಡರ ಅಂಚು ಪುಡಿಯಾಯ್ತು. ಅಮ್ಮ ಆ ಪುಡಿಯನ್ನೂ ಕವರ್‌ನಲ್ಲಿ ಹಾಕಿಟ್ಟಿದ್ದಾರೆ. ತಿಂಗಳಾದ ಮೇಲೆ ಹಳೇ ಜಿಪ್ಪನ್ನು ಹೆಕ್ಸ್‌ನಲ್ಲಿ (ಫೈಲಿನ ಒಂದೊಂದು ಬೈಟನ್ನೂ 0-9, ಎ-ಎಫ್ ಬಳಸಿ ಎರಡೆರಡು ಗುರುತಾಗಿ ತೋರಿಸೋ ರೀತಿ) ತೆರೆದರೆ ಹೆಚ್ಚುಕಮ್ಮಿ ಎಲ್ಲಾ ಪುಟ ಒಳಗೇ ಇದ್ದವು! ಕೊನೆ ಮಾತ್ರ ಬರೀ ಸೊನ್ನೆ.

ಜಿಪ್‌ನ ಇಂಡೆಕ್ಸ್, ಅಂದ್ರೆ ಒಳಗೆ ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ, ಇರೋದು ಫೈಲಿನ ಬಾಲದಲ್ಲಿ, ಅದೇ ತೊಂದರೆ. ಕಾಪಿ ಶುರುವಾಗುವಾಗಲೇ ಸಿಸ್ಟಮ್ ಪೂರ್ತಿ ಸೈಜ್‌ಗೆ ಜಾಗ ಹಿಡಿದಿಡಬಹುದು, ಆಮೇಲೆ ತುಂಬುತ್ತಾ ಹೋಗುತ್ತೆ. ಹಸಿರು ಪಟ್ಟಿ ನೂರು ತೋರಿಸಿದರೂ ತುಂಬೋದು ಮುಗಿದಿರದೆ ಇರಬಹುದು, ಆಗ ಎಳೆದರೆ ಸೈಜ್ ಸರಿ, ಬಾಲ ಖಾಲಿ. ನಿಮ್ಮ 3,200 ಪುಟದ ಇಂಡೆಕ್ಸ್ ಒಂದು ಎಂಬಿಯೂ ಆಗಲಾರದು. ಅಷ್ಟು ಹೋದರೆ 3.6 ಜಿಬಿಯೂ ಹೋದಂಗೆ ಕಾಣುತ್ತೆ.

ಈಗ ಮಾಡಬೇಕಾದ್ದು. ಮೊದಲು ಆ ಜಿಪ್‌ನದೊಂದು ಕಾಪಿ ಮಾಡಿ, ಮೂಲ ಮುಟ್ಟಬೇಡಿ. ವಿಂಡೋಸ್ ಆದರೆ ಎಚ್‌ಎಕ್ಸ್‌ಡಿ ಅನ್ನೋ ಹೆಕ್ಸ್ ತಂತ್ರಾಂಶ ಸಾಕು, ಪುಕ್ಕಟೆ, ದೊಡ್ಡ ಫೈಲಿಗೂ ಒದ್ದಾಡುವುದಿಲ್ಲ. ಲಿನಕ್ಸ್ ಆದರೆ ಟೇಲ್ ಕಮಾಂಡ್‌ನಿಂದ ಕೊನೆಯ 64 ಬೈಟ್ ತೆಗೆದು, ಹೆಕ್ಸ್ ತೋರಿಸೋ ಎಕ್ಸ್‌ಎಕ್ಸ್‌ಡಿ ಕಮಾಂಡ್‌ಗೆ ಕೊಡಿ. ಆನ್‌ಲೈನ್ ಹೆಕ್ಸ್ ವ್ಯೂವರ್‌ಗೆ ಮಾತ್ರ ಹಾಕಬೇಡಿ, ಅದು ದಾಖಲಾತಿ ರಿಜಿಸ್ಟರ್, ಜನರ ಹುಟ್ಟಿದ ದಿನ, ಜಾತಿ ಎಲ್ಲಾ ಇರುತ್ತೆ. ಕೊನೆಯ ಎರಡು ಮೂರು ಸಾಲಿನಲ್ಲಿ 50 4ಬಿ 05 06 ಇದೆಯಾ ನೋಡಿ. ಬಲಗಡೆ ಪಿಕೆ ಅಂತ ಕಾಣುತ್ತೆ, ಜಿಪ್ ಅನ್ನೋದನ್ನೇ ರೂಪಿಸಿದ ಫಿಲ್ ಕ್ಯಾಟ್ಜ್ ಅವರ ಇನಿಶಿಯಲ್ ಅದು. ಕಾಮೆಂಟ್ ಏನೂ ಸೇರಿಸದಿದ್ದರೆ ಅಲ್ಲಿಂದ ಫೈಲಿನ ಕೊನೆಗೆ ಸರಿಯಾಗಿ 22 ಬೈಟ್.

ಇದೆ ಅಂದ್ರೆ ಪಿಕೆ 05 06 ಆದಮೇಲೆ ನಾಲ್ಕು ಸೊನ್ನೆ ಬೈಟ್, ಆಮೇಲೆ ನಿಮಗೆ 80 0ಸಿ 80 0ಸಿ ಕಾಣಬೇಕು. ಇದು ಒಳಗಿರೋ ಫೈಲುಗಳ ಲೆಕ್ಕ, ಪುಟಕ್ಕೊಂದು ಫೈಲು, ಎರಡು ಸಲ ಬರೆದಿರುತ್ತೆ. ಎಡದಿಂದ ಓದಿದರೆ 32,780 ಬರುತ್ತೆ, ಗಾಬರಿ ಬೀಳಬೇಡಿ, ಲಿಟಲ್ ಎಂಡಿಯನ್, ಹಿಂದುಮುಂದಾಗಿ ಓದಬೇಕು: 0ಸಿ80, ಅಂದ್ರೆ 3,200. ಲೆಕ್ಕ ಕಡಿಮೆ ಬಂದರೆ ಜಿಪ್ ಮಾಡುವಾಗಲೇ ಕೆಲವು ಪುಟ ಬಿಟ್ಟುಹೋಗಿದೆ, ಲೋಡರ್ (ಲೈಬ್ರರಿ ಕಂಪ್ಯೂಟರ್‌ನಲ್ಲಿ ಜಿಪ್ ಓದೋ ತಂತ್ರಾಂಶ) ತಪ್ಪಲ್ಲ. ಮುಂದಿನ ನಾಲ್ಕು ಬೈಟ್ ಇಂಡೆಕ್ಸಿನ ಅಳತೆ, ಅದರ ಮುಂದಿನ ನಾಲ್ಕು ಅದು ಶುರುವಾಗೋ ಜಾಗ. ಅದನ್ನೂ ಹಿಂದುಮುಂದು ಮಾಡಿ ಆ ಜಾಗಕ್ಕೆ ಹೋಗಿ. ಅಲ್ಲಿ 50 4ಬಿ 01 02 ಇರಬೇಕು. ಇಲ್ಲದೆ, ಸ್ವಲ್ಪ ಆಚೀಚೆ ಸಿಕ್ಕರೆ ನಡುವೆ ಎಲ್ಲೋ ಬೈಟ್ ಸೇರಿದೆ ಅಥವಾ ಬಿದ್ದುಹೋಗಿದೆ. ಎಫ್‌ಟಿಪಿಯಲ್ಲಿ (ನೆಟ್ ಮೂಲಕ ಫೈಲ್ ಕಳಿಸೋ ಒಂದು ವಿಧಾನ) ಕಳಿಸಿದ್ದರೆ ಬೈನರಿ ಮೋಡ್ ಹಾಕಿದ್ರಾ ನೋಡಿ, ಟೆಕ್ಸ್ಟ್ ಮೋಡ್‌ನಲ್ಲಿ ವಿಂಡೋಸ್ ಕಡೆಗೆ ಬಂದರೆ ಪ್ರತಿ 0ಎಗೂ (ಸಾಲು ಮುಗಿಯಿತು ಅನ್ನೋ ಗುರುತು) ಮೊದಲು ಒಂದು 0ಡಿ ತುರುಕಿಬಿಡುತ್ತೆ. ಅಂಥದ್ದನ್ನು ಸರಿ ಮಾಡೋಕೆ ಕೂರಬೇಡಿ, ಮತ್ತೆ ತರಿಸಿ.

ಪಿಕೆ 05 06 ಇಲ್ಲ, ಬರೀ ಸೊನ್ನೆ ಅಂದ್ರೆ ನನ್ನ ಕೇಸೇ. ಲಿನಕ್ಸ್‌ನ ಜಿಪ್ ಕಮಾಂಡ್‌ಗೆ ಹೈಫನ್ ಹಾಕಿ ಎರಡು ದೊಡ್ಡ ಎಫ್ ಕೊಟ್ಟು, ಆಮೇಲೆ ಎರಡು ಹೈಫನ್ ಹಾಕಿ ಔಟ್ ಅಂತ ಬರೆದು, ಹೊಸ ಹೆಸರಿನ ಫೈಲಿಗೆ ಬರೆಸಿ. ಅದು ಪ್ರತಿ ಪುಟದ ಮುಂದಿರೋ 50 4ಬಿ 03 04 ಹುಡುಕಿಕೊಂಡು ಇಂಡೆಕ್ಸ್ ಹೊಸದಾಗಿ ಕಟ್ಟುತ್ತೆ. ವಿನ್‌ರಾರ್ ರಿಪೇರಿಯೂ ಪರವಾಗಿಲ್ಲ, ಆದ್ರೆ ನನಗೆ ಏನು ಮಾಡ್ತಿದೆ ಅಂತ ಹೇಳದ ಗುಂಡಿ ಒತ್ತೋದು ಆಗಲ್ಲ. 7-ಜಿಪ್ ನನ್ನ ದಿನನಿತ್ಯದ್ದು, ಆದರೂ ಈ ಕೆಲಸಕ್ಕೆ ಅದನ್ನು ಬಳಸಲ್ಲ. ಒಂದು ಎಚ್ಚರ. ಜಿಪ್ಪನ್ನು ನೇರ ಸ್ಟ್ರೀಮ್ ಆಗಿ ಬರೆದಿದ್ದರೆ ಪುಟದ ಮುಂದಿನ ಹೆಡರ್‌ನಲ್ಲಿ ಸೈಜ್ ಜಾಗದಲ್ಲಿ ಸೊನ್ನೆ ಇರಬಹುದು, ಆಗ ಈ ಉಪಾಯ ಪೂರ್ತಿ ಕೈಗೂಡಲ್ಲ. ಕೊನೆಯ ಒಂದೆರಡು ಪುಟ ಅರ್ಧ ಬಂದಿದ್ದರೆ ಅಷ್ಟನ್ನೇ ಮತ್ತೆ ಸ್ಕ್ಯಾನ್ ಮಾಡಿ, ಅಷ್ಟೇ.

ಇಂಡೆಕ್ಸ್ ಸರಿ ಇದ್ದೂ ಲೋಡ್ ನಿಂತರೆ ಹೆಸರು ನೋಡಿ, ಕನ್ನಡದಲ್ಲಿ ಫೈಲ್ ಹೆಸರಿಡೋ ನಮಗೆಲ್ಲಾ ಇದು ಕಾದಿರುತ್ತೆ. ಹೆಕ್ಸ್‌ನಲ್ಲಿ ಕನ್ನಡ ಅಂದ್ರೆ ಇ0 ಬಿ2, ಇ0 ಬಿ3 ಮತ್ತೆ ಮತ್ತೆ, ಒಂದೊಂದು ಗುರುತಿಗೆ ಮೂರು ಬೈಟ್. ಹೆಸರು ಯುಟಿಎಫ್-8ನಲ್ಲಿದೆ (ಕನ್ನಡದಂಥ ಲಿಪಿಗಳನ್ನು ಬೈಟ್ ಆಗಿ ಬರೆಯೋ ಪದ್ಧತಿ) ಅಂತ ಹೇಳೋ ಬಿಟ್ ಹಾಕದೆ ಜಿಪ್ ಮಾಡಿದ್ದರೆ ಓದೋ ತಂತ್ರಾಂಶ ಅದನ್ನು ಹಳೇ ಡಾಸ್ ಅಕ್ಷರ ಅಂದುಕೊಂಡು ಒಂದು ಗ್ರೀಕ್ ಆಲ್ಫಾ, ಒಂದು ಚುಕ್ಕಿ ತುಂಬಿದ ಡಬ್ಬಿ ತೋರಿಸುತ್ತೆ. ಅದು ಕಣ್ಣಿಗಾದರೂ ಬೀಳುತ್ತೆ. ಕಾಣದ್ದು ಇನ್ನೊಂದಿದೆ. ‘ರಿಜಿಸ್ಟರ್’ ಅಂತ ಟೈಪ್ ಮಾಡಿದಾಗ ಕೊನೇ ಅರ್ಧಾಕ್ಷರದ ಹಿಂದೆ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯೋ ಗುರುತು ಕೂತಿರಬಹುದು. ಇ0 ಬಿ3 8ಡಿಗೆ ನಿಲ್ಲಬೇಕಾದ್ದು ಇ2 80 8ಸಿ ಸೇರಿಸಿಕೊಂಡಿರುತ್ತೆ. ಜಿಪ್‌ನಲ್ಲಿ ಅದು ಇದ್ದು ಫೈಲ್ ಹೆಸರುಗಳ ನಿಮ್ಮ ಎಕ್ಸೆಲ್ ಪಟ್ಟಿಯಲ್ಲಿ ಇಲ್ಲದಿದ್ದರೆ ಲೋಡರ್‌ಗೆ ಅವು ಬೇರೆ ಬೇರೆ ಫೈಲು. ಪರದೆ ಮೇಲೆ ನೂರು ಸಲ ನೋಡಿದರೂ ಗೊತ್ತಾಗಲ್ಲ, ಒಂದಿಡೀ ಮಧ್ಯಾಹ್ನ ನೋಡಿದವನು ಹೇಳ್ತಿದ್ದೇನೆ. ‘ಸೊಸೈಟಿ’ಯ ಒ ಕಾರವೂ ಒಂದೇ ಗುರುತಾಗಿ ಇರಬಹುದು, ಎರಡಾಗಿ ಒಡೆದಿರಬಹುದು. ಅದಕ್ಕೇ ಈಗ ನನ್ನ ಫೈಲ್ ಹೆಸರೆಲ್ಲಾ ನಂಬರ್ ಮಾತ್ರ, ಕನ್ನಡದ ಹೆಸರು ಪಟ್ಟಿಯೊಳಗೆ.

ಹಾಗೇ, 3,200 ಪುಟ ಒಂದೇ ಜಿಪ್‌ಗೆ ಯಾಕೆ ತುಂಬಿದಿರಿ? ವರ್ಷಕ್ಕೊಂದು ಮಾಡಿ. ಜೆಪೆಗ್ ಆಗಲೇ ಕುಗ್ಗಿರೋದು, ಮತ್ತೆ ಕುಗ್ಗಿಸಿ ಏನೂ ಸಿಗಲ್ಲ, ಕುಗ್ಗಿಸದೆ ಹಾಗೇ ಕಟ್ಟೋ ‘ಸ್ಟೋರ್’ ಇಡಿ, ಇಂಥ ದಿನ ಬಿಡಿಸಿ ತೆಗೆಯೋಕೂ ಸುಲಭ. ಜೊತೆಗೆ ಎಸ್‌ಎಚ್‌ಎ-256 ಲೆಕ್ಕ (ಒಂದು ಬೈಟ್ ಬದಲಾದರೂ ಬದಲಾಗೋ, ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಇನ್ನೊಂದು ಫೈಲಿನಲ್ಲಿಡಿ, ಸೈಜ್ ನೋಡೋ ಚಾಳಿ ತಾನಾಗೇ ಬಿಡುತ್ತೆ. ಕಾಪಿ ಮಾಡುವಾಗ ಯುಪಿಎಸ್ ಇರಲಿ, ಕರೆಂಟ್ ಕಥೆ ಗೊತ್ತಲ್ಲ. ಪೆನ್‌ಡ್ರೈವ್ ಯಾವ ಕಂಪನಿದಾದರೂ ಇಜೆಕ್ಟ್ ಒತ್ತದೆ ಎಳೆಯಬೇಡಿ.

ರಿಜಿಸ್ಟರ್ ಬೀರುವಲ್ಲೇ ಇರಲಿ. ಕೊನೆಯ ಮೂರು ಸಾಲು ಹೆಕ್ಸ್ ಇಲ್ಲಿ ಹಾಕಿ, ಓದಿ ಹೇಳ್ತೀನಿ. ಪರದೆಯ ಫೋಟೊ ಮೊಬೈಲಲ್ಲಿ ಓರೆಯಾಗಿ ತೆಗೆದು ಕಳಿಸಬೇಡಿ, 8 ಯಾವುದು ಬಿ ಯಾವುದು ಅಂತ ಗೊತ್ತಾಗಲ್ಲ.